ರಜೆಯ ಒಂದು ದಿನ: ಯಾವ ಉದ್ಯಾನ, ಯಾರಿಗಾಗಿ?



ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಂತೆಂದರೆ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ವ್ಯಾಪಾರಿ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ಈ ಸಲ ಎಲ್ಲಿಗೆ?" ಹೈಸ್ಕೂಲು ಓದುವ ಹುಡುಗ ಬಿಡದಿಯ ವಂಡರ್‌ಲಾ ಎನ್ನುತ್ತಾನೆ. ಚಿಕ್ಕವಳಿಗೆ ಬನ್ನೇರುಘಟ್ಟದ ಆನೆ, ಚಿಟ್ಟೆ ಬೇಕು. ಅಜ್ಜಿ ಮೈಸೂರಿನ ಬೃಂದಾವನವನ್ನು ನೆನೆಯುತ್ತಾರೆ. ಚೆನ್ನೈನಲ್ಲಿ ತವರು ಇರುವ ಸೊಸೆ ಸಮುದ್ರ ತೀರದ ವಿ.ಜಿ.ಪಿ.ಯ ಮಾತೆತ್ತುತ್ತಾಳೆ. ಮನೆಯ ಯಜಮಾನರು ಮಾತ್ರ ಕ್ಯಾಲೆಂಡರ್ ನೋಡುತ್ತ, "ಅಂಗಡಿ ಮುಚ್ಚುವುದು ಒಂದೇ ದಿನ, ಬೇಗ ತೀರ್ಮಾನಿಸಿ" ಎನ್ನುತ್ತಾರೆ.

ಆ ಒಂದು ದಿನಕ್ಕೆ ಬೆಲೆ ಇದೆ. ಗಲ್ಲೆಯ ಮುಂದೆ ಕೂರುವವರಿಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದ ಸರಕು ಕೊಳ್ಳುವಾಗ ನಾವು ನಾಲ್ಕು ಕಡೆ ವಿಚಾರಿಸುವಂತೆ ಈ ದಿನವನ್ನು ಎಲ್ಲಿ ಖರ್ಚು ಮಾಡಬೇಕೆಂದೂ ವಿಚಾರಿಸುವುದು ಒಳ್ಳೆಯದು. ಒಂದಕ್ಕೊಂದು ಪೈಪೋಟಿ ನಡೆಸುವ ಈ ಉದ್ಯಾನಗಳಲ್ಲಿ ಕೆಲವು ಇಪ್ಪತ್ತು, ನಲವತ್ತು, ತೊಂಬತ್ತು ವರ್ಷಗಳ ಮೇಲೂ ಸಂಸಾರಗಳನ್ನು ಕರೆಯುತ್ತಲೇ ಇವೆ. ಕೆಲವು ಹತ್ತೇ ವರ್ಷಕ್ಕೆ ಮಂಕಾಗಿವೆ. ಇದಕ್ಕೆ ಕಾರಣವೇನು? ಈ ಪ್ರಶ್ನೆ ಮನೆಗೂ ಉಪಯೋಗ, ಮಳಿಗೆಗೂ ಉಪಯೋಗ.

ಮೊದಲು ಮನೆಯ ಬಾಗಿಲಲ್ಲಿರುವುದು

ದೂರದ ಮಾತಿಗೆ ಮುಂಚೆ ಹತ್ತಿರದ್ದನ್ನು ನೋಡೋಣ. ಕೃಷ್ಣಗಿರಿಯಲ್ಲಿ ಪ್ರತಿ ವರ್ಷ ಮಾವಿನ ಸುಗ್ಗಿಯ ಕೊನೆಯಲ್ಲಿ ನಡೆಯುವ ಮಾವು ಪ್ರದರ್ಶನ ನಮ್ಮ ಭಾಗದ ದೊಡ್ಡ ಜಾತ್ರೆ. ಬಗೆಬಗೆಯ ಮಾವಿನ ತಳಿಗಳನ್ನು ಹೆಸರು ಬರೆದು ಸಾಲಾಗಿ ಇಟ್ಟಿರುತ್ತಾರೆ. ಸರ್ಕಾರಿ ಇಲಾಖೆಗಳ ಮಳಿಗೆಗಳಿರುತ್ತವೆ. ಒಂದು ಪಕ್ಕದಲ್ಲಿ ಜೈಂಟ್ ವೀಲ್, ಮರದ ಕುದುರೆ, ಪುಟಾಣಿ ರೈಲು ನಿಲ್ಲುತ್ತವೆ. ಸಂಜೆ ಅಂಗಡಿ ಬೇಗ ಎತ್ತಿ ಹೋಗಿ ಬರಬಹುದು. ಇಡೀ ದಿನದ ವ್ಯಾಪಾರ ಹೋಗುವುದಿಲ್ಲ.

ಊರಿಗೆ ಸಮೀಪದಲ್ಲೇ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆ.ಆರ್.ಪಿ. ಅಣೆಕಟ್ಟು ಇದೆ. ಅದರ ಕೆಳಗಿನ ಉದ್ಯಾನದಲ್ಲಿ ಮರದ ನೆರಳೂ ಹುಲ್ಲುಹಾಸೂ ಉಂಟು. ಅಣೆಕಟ್ಟಿನ ರಸ್ತೆಯಲ್ಲಿ ಮೀನು ಹುರಿಯುವ ಅಂಗಡಿಗಳ ಸಾಲು ಇರುವುದರಿಂದ ನಮ್ಮವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿ ಉದ್ಯಾನದೊಳಗೆ ಕೂರುವುದು ವಾಡಿಕೆ.

ಹೊಸೂರಿನವರಿಗೆ ಆನೇಕಲ್ ಮೇಲಿಂದ ಬನ್ನೇರುಘಟ್ಟ ಹತ್ತಿರ. ಅಲ್ಲಿ 2006ರಲ್ಲಿ ಚಿಟ್ಟೆ ಉದ್ಯಾನ ತೆರೆಯಿತು. ಹಿಂದೆ ಊರೂರು ಅಲೆಸಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕುವ ಆಸರೆಯೂ ಅಲ್ಲಿದೆ. ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದ ಪ್ರಾಣಿಯ ಕಥೆಯನ್ನು ಅಲ್ಲಿ ಮಗುವಿಗೆ ಹೇಳಿದರೆ, ಜೀವದಯೆಯ ಬಗ್ಗೆ ಮನೆಯಲ್ಲಿ ಮಾಡುವ ಹತ್ತು ಉಪದೇಶಕ್ಕಿಂತ ಅದು ಹೆಚ್ಚು ನಾಟುತ್ತದೆ. ಹೊರಡುವ ಮುಂಚೆ ವಾರದ ರಜಾ ದಿನ ಯಾವುದೆಂದು ವಿಚಾರಿಸಿಕೊಳ್ಳಿ. ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ ಇರುವುದು ಬಹುಕಾಲದ ರೂಢಿ.

ಬಿಡದಿಯ ಇಬ್ಬರು ನೆರೆಯವರು

ಈಗ ಪೈಪೋಟಿಯ ವಿಷಯಕ್ಕೆ ಬರೋಣ. ಇದಕ್ಕೆ ಮೈಸೂರು ರಸ್ತೆಯ ಬಿಡದಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿ ಬಳಿ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಗದ್ದಲಕ್ಕೆ ಸಿಕ್ಕದೆ ಮೈಸೂರು ರಸ್ತೆ ಸೇರಬಹುದು. ಒಟ್ಟು ಒಂದೂವರೆ ಎರಡು ಗಂಟೆಯ ಹಾದಿ. ಕೃಷ್ಣಗಿರಿಯವರು ಅದಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.

ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ತೆರೆಯಿತು. ಇದರ ಹಿಂದಿರುವವರು ಕೊಚ್ಚಿಯ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ. ಅವರು 1977ರಲ್ಲಿ ತಂದೆಯಿಂದ ಪಡೆದ ಒಂದು ಲಕ್ಷ ರೂಪಾಯಿಯಲ್ಲಿ, ಇಬ್ಬರು ಕೆಲಸಗಾರರನ್ನಿಟ್ಟುಕೊಂಡು ವಿ-ಗಾರ್ಡ್ ಹೆಸರಿನಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ಮಾಡಲು ಆರಂಭಿಸಿದವರು. 2000ದಲ್ಲಿ ಕೊಚ್ಚಿಯ ಬಳಿ ವೀಗಾಲ್ಯಾಂಡ್ ಎಂಬ ಉದ್ಯಾನ ಮಾಡಿದರು. ಅದು ಐದು ವರ್ಷ ನಡೆದು ಕೈಗೆ ಅನುಭವ ಬಂದ ಮೇಲೆ ಬಿಡದಿಗೆ ಬಂದರು. ಹೈದರಾಬಾದಿನ ಉದ್ಯಾನ 2016ರಲ್ಲಿ, ಭುವನೇಶ್ವರದ್ದು 2024ರಲ್ಲಿ, ಚೆನ್ನೈ ಬಳಿಯ ತಿರುಪ್ಪೋರೂರು ಕಡೆಯದು 2025ರ ಡಿಸೆಂಬರಿನಲ್ಲಿ ತೆರೆದವು. ಚೆನ್ನೈ ಕೆಲಸ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆಯ ಪ್ರಶ್ನೆಯಿಂದ ವರ್ಷಗಳ ಕಾಲ ತಡೆದು ನಿಂತಿತ್ತು. ತಮಿಳುನಾಡು ಸರ್ಕಾರ ವಿನಾಯಿತಿ ಕೊಟ್ಟ ಮೇಲೆ ಮುಂದುವರಿಯಿತು. ಇಪ್ಪತ್ತೈದು ವರ್ಷಗಳಲ್ಲಿ ಐದು ಉದ್ಯಾನ. ಅವಸರವಿಲ್ಲ, ಹೆಚ್ಚು ಸಾಲವೂ ಇಲ್ಲ. 2014ರಲ್ಲಿ ಒಂದಕ್ಕೆ 125 ರೂಪಾಯಿಯಂತೆ ಶೇರು ಬಿಟ್ಟದ್ದು ನಮ್ಮ ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು.

ಅದೇ ಬಿಡದಿಯಲ್ಲಿ 2008ರಲ್ಲಿ ಇನ್ನೋವೇಟಿವ್ ಫಿಲ್ಮ್ ಸಿಟಿ ಬಂತು. ಇದರ ಆಕರ್ಷಣೆ ಬೇರೆ. ಸಿನಿಮಾ ಸೆಟ್ಟುಗಳು, ಮೇಣದ ಗೊಂಬೆಗಳ ಸಂಗ್ರಹಾಲಯ, ವಿಚಿತ್ರ ವಸ್ತುಗಳ ಸಂಗ್ರಹಾಲಯ, ಡೈನೋಸಾರ್ ಪ್ರತಿಮೆಗಳು. ಮೊದಮೊದಲು ಜನ ಮುಗಿಬಿದ್ದರು. ಶಾಲೆಗಳ ಬಸ್ಸುಗಳು ಸಾಲುಗಟ್ಟಿದವು. ಆದರೆ ಕಾಲ ಕಳೆದಂತೆ ಆ ಹೆಸರಿನ ಹೊಳಪು ಕಡಿಮೆಯಾಯಿತು. ಮುಂದೆ ಅದೇ ಜಾಗ ಜಾಲಿವುಡ್ ಸ್ಟುಡಿಯೋಸ್ ಎಂಬ ಹೊಸ ಹೆಸರಿನಲ್ಲಿ ನಡೆಯತೊಡಗಿತು. ಕನ್ನಡದ ಬಿಗ್ ಬಾಸ್ ಕಾರ್ಯಕ್ರಮದ ಮನೆ ಅಲ್ಲಿದ್ದಾಗ, 2025ರ ಅಕ್ಟೋಬರಿನಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿದ್ದು ಕೆಲವು ದಿನಗಳಲ್ಲಿ ಮತ್ತೆ ತೆರೆದದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೀರಿ.

ಎರಡೂ ಒಂದೇ ಊರಿನವು, ಒಂದೇ ಹೆದ್ದಾರಿಯವು, ಮೂರು ವರ್ಷದ ಅಂತರದಲ್ಲಿ ಹುಟ್ಟಿದವು. ಅಂತರ ಎಲ್ಲಿ ಬಂತು? ನನಗೆ ತೋರುವುದು ಇಷ್ಟು. ಮೇಣದ ಗೊಂಬೆಯನ್ನು ಒಮ್ಮೆ ನೋಡಿದರೆ ನೋಡಿದ ಹಾಗೆ. ಎರಡನೆಯ ಸಲ ಹೋದಾಗ ಅದೇ ಗೊಂಬೆ ಅದೇ ನಗು ನಗುತ್ತಿರುತ್ತದೆ. ಆದರೆ ಅಲೆಗಳ ಕೊಳಕ್ಕೆ ಇಳಿದ ಮಗುವಿಗೆ ಪ್ರತಿ ಅಲೆಯೂ ಹೊಸದು. ನೋಡುವ ವಸ್ತು ಹಳತಾಗುತ್ತದೆ, ಆಡುವ ಆಟ ಬೇಗ ಹಳತಾಗುವುದಿಲ್ಲ. ಅದರ ಮೇಲೆ ವಂಡರ್‌ಲಾದವರು ಆಗಾಗ ಹೊಸ ಆಟ ಸೇರಿಸುತ್ತಾರೆ, ಹಲವು ಆಟಗಳನ್ನು ತಮ್ಮದೇ ಕಾರ್ಖಾನೆಯಲ್ಲಿ ತಯಾರಿಸಿಕೊಳ್ಳುತ್ತಾರೆ. ಕೆಟ್ಟರೆ ರಿಪೇರಿಗೆ ಹೊರದೇಶದ ದಾರಿ ಕಾಯಬೇಕಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಬ್ಬರು ಅಂಗಡಿಯ ಮುಂಭಾಗಕ್ಕೆ ಹೆಚ್ಚು ಹಣ ಹಾಕಿದರು, ಇನ್ನೊಬ್ಬರು ಪ್ರತಿ ವರ್ಷ ಸರಕು ಬದಲಿಸಿದರು.

ಸಾಲದ ಪಾಠ ಕಲಿಯಬೇಕಾದರೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾವನ್ನು ನೋಡಬೇಕು. 2013ರಲ್ಲಿ ಬಹಳ ವೈಭವದಿಂದ ತೆರೆದ ಉದ್ಯಾನ ಅದು. ಅಲ್ಲಿನ ಆಟಗಳನ್ನು ಕೀಳೆಂದವರಿಲ್ಲ. ಆದರೆ ಬ್ಯಾಂಕಿನ ಬಡ್ಡಿ ಟಿಕೆಟ್ಟಿನ ಆದಾಯಕ್ಕಿಂತ ವೇಗವಾಗಿ ಓಡಿತು. ಕೊನೆಗೆ 2022ರಲ್ಲಿ ಸಂಗಮನೇರಿನ ಮಾಲ್ಪಾಣಿ ಬಳಗ ಅದನ್ನು ವಹಿಸಿಕೊಂಡಿತು. ಮಾಲು ಚೆನ್ನಾಗಿದ್ದರೂ ಬಂಡವಾಳದ ಲೆಕ್ಕ ತಪ್ಪಿದರೆ ಅಂಗಡಿ ಕೈ ಬದಲಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಯಾವ ಉದ್ಯಾನವನ್ನೂ ನೋಡದೆ ಹೇಳುತ್ತಿದ್ದರು.

ಜಾಗದ ಪಾಠವೂ ಒಂದಿದೆ. ದೆಹಲಿಯ ಅಪ್ಪು ಘರ್ 1984ರ ನವೆಂಬರಿನಲ್ಲಿ ಆರಂಭವಾಯಿತು. 1982ರ ಏಷ್ಯನ್ ಕ್ರೀಡೆಗಳ ಆನೆಮರಿಯ ಹೆಸರು ಅದಕ್ಕೆ. ಉತ್ತರ ಭಾರತದ ಒಂದು ತಲೆಮಾರಿನ ಮಕ್ಕಳು ಅಲ್ಲಿ ಆಡಿ ಬೆಳೆದರು. ಆದರೆ ಜಾಗ ಗುತ್ತಿಗೆಯದು. 2008ರಲ್ಲಿ ಅದು ಮುಚ್ಚಿತು. ಜನರ ಪ್ರೀತಿ ಇದ್ದರೂ ನೆಲ ತಮ್ಮದಲ್ಲದಿದ್ದರೆ ಬಾಳಿಕೆ ಕಷ್ಟ.

ಎದುರಂಗಡಿ ಶತ್ರುವೇ?

ಪೈಪೋಟಿ ಎಂದೊಡನೆ ಒಬ್ಬರು ಗೆದ್ದು ಇನ್ನೊಬ್ಬರು ಬೀಳಲೇಬೇಕೆಂದು ತಿಳಿಯುವವರುಂಟು. ಬೆಂಗಳೂರಿನ ಚಿಕ್ಕಪೇಟೆಯನ್ನು ಬಲ್ಲವರು ಹಾಗೆ ಹೇಳುವುದಿಲ್ಲ. ಒಂದೇ ಬೀದಿಯಲ್ಲಿ ನೂರಾರು ಬಟ್ಟೆ ಅಂಗಡಿ ಇರುವುದರಿಂದಲೇ ಮದುವೆ ಜವಳಿಗೆ ಜನ ಆ ಬೀದಿಗೆ ಬರುತ್ತಾರೆ. ಒಂದೇ ಅಂಗಡಿ ಇದ್ದಿದ್ದರೆ ಅಷ್ಟು ದೂರದಿಂದ ಬರುತ್ತಿರಲಿಲ್ಲ.

ಅಮೆರಿಕದ ಆರ್ಲ್ಯಾಂಡೊ ನಗರದಲ್ಲಿ ಇದೇ ನಡೆದಿದೆ. ಅಲ್ಲಿ ಡಿಸ್ನಿಯವರ ಉದ್ಯಾನ 1971ರ ಅಕ್ಟೋಬರಿನಲ್ಲಿ ತೆರೆಯಿತು. 1990ರ ಜೂನಿನಲ್ಲಿ ಯೂನಿವರ್ಸಲ್ ಸ್ಟುಡಿಯೋದವರು ಅದೇ ಊರಿಗೆ ಬಂದು ಕೂತರು. ಯೂನಿವರ್ಸಲ್‌ನ ಮೊದಲ ದಿನವೇ ದೊಡ್ಡ ದೊಡ್ಡ ಆಟಗಳು ಕೆಟ್ಟು ನಿಂತವು. ಬಂದವರಿಗೆ ಮತ್ತೊಮ್ಮೆ ಬರಲು ಪುಕ್ಕಟೆ ಟಿಕೆಟ್ ಕೊಟ್ಟು ಕಳುಹಿಸಬೇಕಾಯಿತು. ಅಂಥ ಆರಂಭದವರು 2010ರಲ್ಲಿ ಹ್ಯಾರಿ ಪಾಟರ್ ಕಥೆಯ ಊರನ್ನೇ ಕಟ್ಟಿ ಜನರನ್ನು ಸೆಳೆದರು. 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಎಂಬ ಇನ್ನೊಂದು ಉದ್ಯಾನ ತೆರೆದರು. ಇದರಿಂದ ಡಿಸ್ನಿ ಮುಳುಗಲಿಲ್ಲ. ಅವರು ಹೊಸದು ಮಾಡಿದಾಗ ಇವರೂ ಹೊಸದು ಮಾಡಿದರು. ಒಂದು ದಿನಕ್ಕೆ ಬರುತ್ತಿದ್ದ ಸಂಸಾರ ವಾರಕ್ಕೆ ಬರತೊಡಗಿತು.

ಡಿಸ್ನಿಯವರ ಮೊದಲ ಉದ್ಯಾನ ತೆರೆದದ್ದು ಕ್ಯಾಲಿಫೋರ್ನಿಯಾದಲ್ಲಿ, 1955ರ ಜುಲೈ 17ರಂದು. ಅಂದು ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಚಪ್ಪಲಿ ಅಂಟಿತು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ. ಇಷ್ಟಾದರೂ ಎಪ್ಪತ್ತು ವರ್ಷ ಬಾಳಿದೆ. ಏಕೆಂದರೆ ವಾಲ್ಟ್ ಡಿಸ್ನಿಗೆ ಈ ಯೋಚನೆ ಬಂದದ್ದೇ ಒಂದು ಬೆಂಚಿನ ಮೇಲೆ. ಹೆಣ್ಣುಮಕ್ಕಳನ್ನು ಮರದ ಕುದುರೆಯಲ್ಲಿ ಕೂರಿಸಿ ತಾನು ಪಕ್ಕದ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದರಂತೆ. ಮಕ್ಕಳು ಆಡುವುದು, ತಂದೆ ತಾಯಿ ಕಾಯುವುದು ಏಕೆ? ಎಲ್ಲರೂ ಒಟ್ಟಿಗೆ ಆನಂದಪಡುವ ಜಾಗ ಏಕಿರಬಾರದು? ಈ ಪ್ರಶ್ನೆಯಿಂದ ಹುಟ್ಟಿದ್ದು ಆ ಉದ್ಯಾನ. ಅದು ಎಂದೂ ಪೂರ್ತಿಯಾಗದು, ಸದಾ ಬೆಳೆಯುತ್ತಿರಬೇಕು ಎಂಬುದು ಅವರ ನಿಲುವಾಗಿತ್ತು.

ಚೆನ್ನೈ ದಾರಿ

ಕೃಷ್ಣಗಿರಿಯಿಂದ ಚೆನ್ನೈ ಸುಮಾರು 250 ಕಿ.ಮೀ. ಒಂದು ದಿನದ ಪ್ರಯಾಣವಲ್ಲ, ನೆಂಟರ ಮನೆ ಇದ್ದವರಿಗೆ ಅನುಕೂಲ. ಅಲ್ಲಿ ಹೆಸರಾದದ್ದು ವಿ.ಜಿ.ಪಿ. ಇದರ ಮೂಲವನ್ನು ವ್ಯಾಪಾರಿಗಳಾದ ನಾವು ತಿಳಿಯಬೇಕು. ವಿ.ಜಿ. ಪನ್ನೀರ್‌ದಾಸ್ ಅವರು ಮಧ್ಯಮ ವರ್ಗದ ಮನೆಗಳಿಗೆ ಗಡಿಯಾರ, ರೇಡಿಯೋ ಮುಂತಾದವನ್ನು ಕಂತಿನ ಮೇಲೆ ಮಾರಿ ಮೇಲೆ ಬಂದವರು. ತಿಂಗಳ ಸಂಬಳದವರ ಕೈಯ ಅಳತೆ ಬಲ್ಲವರು. ಸಮುದ್ರ ತೀರದ ಅವರ ಉದ್ಯಾನದಲ್ಲಿ ಎಲ್ಲರಿಗೂ ನೆನಪಿರುವುದು ಯಾವ ಯಂತ್ರವೂ ಅಲ್ಲ, ಬಾಗಿಲ ಬಳಿ ಅಲುಗದೆ ನಗದೆ ನಿಲ್ಲುವ 'ಶಿಲೆ ಮನುಷ್ಯ'. ಅವನನ್ನು ನಗಿಸಲು ಮೊಮ್ಮಗನೂ ತಾತನೂ ಒಟ್ಟಿಗೆ ಪ್ರಯತ್ನಿಸುತ್ತಾರೆ. ಅದಕ್ಕೆ ವಿದ್ಯುತ್ ಬೇಡ, ವಯಸ್ಸಿನ ನಿಯಮವೂ ಇಲ್ಲ. ಅದರ ಜೊತೆಗೆ ಹೊಸದನ್ನೂ ಮರೆಯದೆ 2019ರಲ್ಲಿ ಜಲಚರಗಳ ಮರೈನ್ ಕಿಂಗ್‌ಡಂ ತೆರೆದರು.

ಚೆನ್ನೈ ತಾಂಬರಂ ಕಡೆಯ ಕಿಷ್ಕಿಂದಾ ಉದ್ಯಾನವನ್ನು 1995ರಲ್ಲಿ ಆರಂಭಿಸಿದವರು ಮಲಯಾಳಂ ಚಿತ್ರರಂಗದ ನವೋದಯ ಅಪ್ಪಚ್ಚನ್. ನಮ್ಮ ದೇಶದ ಮೊದಲ ತ್ರೀ-ಡಿ ಚಿತ್ರವನ್ನು 1984ರಲ್ಲಿ ನಿರ್ಮಿಸಿದವರೂ ಇವರೇ. ತೊಂಬತ್ತರ ದಶಕದಲ್ಲಿ ಅದರ ಹೆಸರು ಕೇಳದ ಮಗು ತಮಿಳುನಾಡಿನಲ್ಲಿ ಇರಲಿಲ್ಲವೆನ್ನಬಹುದು. 2016ರಲ್ಲಿ ಅಲ್ಲಿ ಒಂದು ಆಟದ ಯಂತ್ರ ಕುಸಿದು ಪ್ರಾಣಹಾನಿಯಾಯಿತು. ಇದು ನಮ್ಮನ್ನು ಮುಂದಿನ ವಿಷಯಕ್ಕೆ ತರುತ್ತದೆ.

ಎಲ್ಲಕ್ಕೂ ಮೊದಲು ಜೀವ

ಅಹಮದಾಬಾದಿನ ಕಾಂಕರಿಯಾ ಕೆರೆಯ ಉದ್ಯಾನದಲ್ಲಿ 2019ರ ಜುಲೈನಲ್ಲಿ ಆಟದ ಯಂತ್ರ ಮುರಿದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ರಾಜಕೋಟೆಯಲ್ಲಿ 2024ರ ಮೇ 25ರಂದು ಆಟದ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು ಇಪ್ಪತ್ತೈದಕ್ಕೂ ಹೆಚ್ಚು ಜನ, ಅವರಲ್ಲಿ ಮಕ್ಕಳೂ, ಜೀವ ಕಳೆದುಕೊಂಡರು. ಅಗ್ನಿಶಾಮಕ ಇಲಾಖೆಯ ಅನುಮತಿಯೇ ಅಲ್ಲಿ ಇರಲಿಲ್ಲ. ಅದೂ ಬೇಸಿಗೆ ರಜೆಯ ಶನಿವಾರ. ಮಕ್ಕಳನ್ನು ಸಂತೋಷಪಡಿಸಲೆಂದು ಕರೆದೊಯ್ದ ತಂದೆತಾಯಿಗಳು ಅವರು.

ಹೆದರಿ ಮನೆಯಲ್ಲೇ ಕೂರಬೇಕೆಂದು ಇದನ್ನು ಬರೆಯುತ್ತಿಲ್ಲ. ಮಾಲು ಕೊಳ್ಳುವಾಗ ತಿರುವಿ ನೋಡುವ ಕಣ್ಣನ್ನು ಅಲ್ಲೂ ಇಟ್ಟುಕೊಳ್ಳಿ ಎಂದಷ್ಟೆ. ಯಂತ್ರ ಹತ್ತುವ ಮುಂಚೆ ಒಂದು ಸುತ್ತು ನಿಂತು ನೋಡಿ. ಪ್ರತಿಯೊಬ್ಬರ ಬೆಲ್ಟನ್ನೂ ಅಡ್ಡಪಟ್ಟಿಯನ್ನೂ ಕೆಲಸದವನು ಕೈಯಿಂದ ಎಳೆದು ಪರೀಕ್ಷಿಸುತ್ತಾನೆಯೇ, ಇಲ್ಲ ದೂರದಿಂದಲೇ ಸೀಟಿ ಊದುತ್ತಾನೆಯೇ? ಮಕ್ಕಳ ಎತ್ತರ ಅಳೆಯುವ ಕಂಬವಿದ್ದರೆ ಅದರ ಮಾತು ಕೇಳುತ್ತಾರೆಯೇ? ಒಳಾಂಗಣದ ಆಟದ ಮಳಿಗೆಯಾದರೆ ಹೊರಹೋಗುವ ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿಲ್ಲವಷ್ಟೆ? ನೀರಿನ ಕೊಳದ ಬಳಿ ಕಾವಲಿನವರು ನೀರನ್ನು ನೋಡುತ್ತಿದ್ದಾರೆಯೇ, ಮೊಬೈಲನ್ನೇ? ಎತ್ತರ ಸಾಲದ ಮಗುವನ್ನು ಹತ್ತಿಸಿಕೊಳ್ಳದೆ ವಾಪಸು ಕಳಿಸಿದರೆ ದಯವಿಟ್ಟು ಜಗಳವಾಡಬೇಡಿ. ಆ ಕೆಲಸದವನಿಗೆ ಧನ್ಯವಾದ ಹೇಳಿ. ಟಿಕೆಟ್ ಕಳೆದುಕೊಂಡರೂ ಗಿರಾಕಿಗೆ ಕೆಟ್ಟ ಮಾಲು ಕೊಡದ ಅಂಗಡಿ ಅದು. ಅಂಥ ಅಂಗಡಿಯೇ ಬಾಳುತ್ತದೆ.

ಟಿಕೆಟ್ಟಿನ ಲೆಕ್ಕ

ಜಾತ್ರೆಯಲ್ಲಿ ಒಂದೊಂದು ಆಟಕ್ಕೆ ಒಂದೊಂದು ಟಿಕೆಟ್. ದೊಡ್ಡ ಉದ್ಯಾನಗಳಲ್ಲಿ ಬಾಗಿಲಲ್ಲೇ ಒಟ್ಟು ಹಣ, ಒಳಗೆ ಎಷ್ಟು ಸಲವಾದರೂ ಆಡಿ. ಡಿಸ್ನಿಯವರೂ ಮೊದಲು ಆಟಕ್ಕೊಂದು ಕೂಪನ್ ಹರಿಯುತ್ತಿದ್ದವರು, 1982ರಲ್ಲಿ ಅದನ್ನು ಬಿಟ್ಟರು.

ಎರಡಕ್ಕೂ ಗುಣದೋಷ ಉಂಟು. ಒಂದೊಂದು ಟಿಕೆಟ್ಟಾದರೆ ಅಪ್ಪನ ಕೈ ಪ್ರತಿ ಸಲ ಜೇಬಿಗೆ ಹೋಗಬೇಕು. ಪ್ರತಿ ಸಲ "ಸಾಕು ಬಾ" ಎನ್ನಬೇಕು. ಮಗುವಿಗೆ ಆಟಕ್ಕಿಂತ ಅಪ್ಪನ ಮುಖವೇ ನೆನಪಿರುತ್ತದೆ. ಆದರೆ ಆಡದ ಅಜ್ಜಿಗೆ ಖರ್ಚಿಲ್ಲ. ಒಟ್ಟು ಟಿಕೆಟ್ಟಾದರೆ ಮಗು ಸ್ವತಂತ್ರ. ಆದರೆ ಆಡದವರಿಗೂ ಹಣ ಕೊಡಬೇಕಾಗುವುದುಂಟು. ಇನ್ನೊಂದು ಅಪಾಯ, ಕೊಟ್ಟ ಹಣ ವಸೂಲಾಗಬೇಕೆಂದು ಬೆಳಗಿನಿಂದ ಸಂಜೆಯವರೆಗೆ ಎಲ್ಲರನ್ನೂ ಓಡಿಸುವುದು. ವ್ಯಾಪಾರಿ ಬುದ್ಧಿ ಅಲ್ಲಿ ಸ್ವಲ್ಪ ಮಲಗಿರಲಿ. ಹತ್ತು ಆಟ ನೆಮ್ಮದಿಯಿಂದ ಆಡಿದರೆ ಸಾಕು, ನಲವತ್ತಕ್ಕೆ ಓಡುವುದು ಬೇಡ.

ತೆರಿಗೆಯ ಮಾತೂ ಒಂದಿಷ್ಟು ತಿಳಿದಿರಲಿ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಇಂಥ ಉದ್ಯಾನಗಳ ಟಿಕೆಟ್ಟಿಗೆ ಶೇ. 28 ಹಾಕಿದ್ದರು. ಸಂಸಾರಸ್ಥರು ಹೋಗುವ ಜಾಗವನ್ನು ವಿಲಾಸದ ಪಟ್ಟಿಗೆ ಸೇರಿಸಿದ್ದೀರೆಂಬ ದೂರು ಎದ್ದು, 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಿದರು. ಶಾಲಾ ದಿನಗಳ ವಾರದ ನಡುವೆ ದರ ಕಡಿಮೆ, ಜನವೂ ಕಡಿಮೆ. ಭಾನುವಾರ ಎಲ್ಲ ಹೆಚ್ಚು. ಅಂಗಡಿಯ ವಾರದ ರಜೆ ಮಂಗಳವಾರವೋ ಬುಧವಾರವೋ ಇರುವವರಿಗೆ ಇದು ಲಾಭವೇ.

ಅಜ್ಜಿಯ ಪರೀಕ್ಷೆ

ಉದ್ಯಾನದ ಗುಣ ಅಳೆಯಲು ಒಂದು ಸುಲಭದ ತಕ್ಕಡಿ ಇದೆ. ಮನೆಯ ಅತಿ ಹಿರಿಯರನ್ನೂ ಅತಿ ಕಿರಿಯರನ್ನೂ ಅದರಲ್ಲಿ ಕೂರಿಸಿ ನೋಡಿ. ಹದಿನಾರರ ಹುಡುಗನಿಗೆ ಎಲ್ಲಿ ಹೋದರೂ ಸಂತೋಷ ಸಿಗುತ್ತದೆ. ಮಂಡಿ ನೋವಿನ ಅಜ್ಜಿಗೆ ನೆರಳಿನ ಬೆಂಚು ಎಷ್ಟು ಹೆಜ್ಜೆಗೊಂದು ಇದೆ? ಮೂರು ವರ್ಷದ ಕೂಸಿಗೆ ಆಡಲು ಏನಿದೆ? ಅದರ ತಾಯಿ ಇಡೀ ದಿನ ಎಲ್ಲರ ಚಪ್ಪಲಿ, ಕನ್ನಡಕ, ಒಣಬಟ್ಟೆಯ ಚೀಲ ಕಾಯುತ್ತ ನಿಲ್ಲಬೇಕೇ, ಅವಳಿಗೂ ಒಂದು ಗಂಟೆ ಸಿಗುತ್ತದೆಯೇ? ನಮ್ಮ ಮನೆಗಳಲ್ಲಿ ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸರದಿ ಹಾಕಿಕೊಳ್ಳಿ. ಒಂದು ಗಂಟೆ ಚೀಲ ಯಜಮಾನರ ಕೈಯಲ್ಲಿರಲಿ.

ಈ ತಕ್ಕಡಿಯಲ್ಲಿ ಮೇಲೇಳದೆ ಉಳಿಯುವುದು ಕೃಷ್ಣರಾಜಸಾಗರದ ಬೃಂದಾವನ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಉದ್ಯಾನ ಅದು. ಯಂತ್ರದ ಆಟವಿಲ್ಲ. ಮೆಟ್ಟಿಲು ಮೆಟ್ಟಿಲಾದ ಹೂದೋಟ, ಹರಿಯುವ ನೀರು, ಸಂಜೆಯ ದೀಪ, ಸಂಗೀತಕ್ಕೆ ಕುಣಿಯುವ ಕಾರಂಜಿ. ಮದುವೆಯಾದ ಹೊಸದರಲ್ಲಿ ಬಂದವರು ಮೊಮ್ಮಕ್ಕಳೊಡನೆ ಬಂದು ಅದೇ ಕಾರಂಜಿಯ ಮುಂದೆ ನಿಲ್ಲುತ್ತಾರೆ. ಅದನ್ನು ಡಿಸ್ನಿಲ್ಯಾಂಡಿನಂತೆ ಮಾಡುತ್ತೇವೆಂದು ಸರ್ಕಾರಗಳು ಮತ್ತೆ ಮತ್ತೆ ಹೇಳಿವೆ. ಅಣೆಕಟ್ಟಿನ ಬಳಿ ಅಂಥದ್ದು ಬೇಡವೆಂದು ಆ ಭಾಗದ ರೈತ ಸಂಘಟನೆಗಳು ವಿರೋಧಿಸಿವೆ. ತೊಂಬತ್ತು ವರ್ಷ ಎಲ್ಲ ವಯಸ್ಸಿನವರನ್ನೂ ಕರೆದ ತೋಟಕ್ಕೆ ಬೇಕಾದದ್ದು ಶುಚಿಯೂ ಒಳ್ಳೆಯ ನಿರ್ವಹಣೆಯೂ ಎಂದು ನನ್ನ ಭಾವನೆ.

ಮಕ್ಕಳಿಗೆ ನೀರಾಟವೂ ಬೇಕೆಂದರೆ ಮೈಸೂರು-ಕೆ.ಆರ್.ಎಸ್. ರಸ್ತೆಯಲ್ಲೇ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಬಿಡದಿಯಷ್ಟು ದೊಡ್ಡದಲ್ಲ. ಆದ್ದರಿಂದಲೇ ಚಿಕ್ಕ ಮಕ್ಕಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಸುಲಭ. ಎರಡು ದಿನ ಬಿಡುವು ಮಾಡಿಕೊಂಡವರು ಬೆಳಗ್ಗೆ ಹುಣಸೂರು ರಸ್ತೆಯ ಕಡೆಯ ಗೊಮ್ಮಟಗಿರಿಗೆ ಹೋಗಿ ಬಾಹುಬಲಿ ಸ್ವಾಮಿಯ ದರ್ಶನ ಮಾಡಿ, ಮಧ್ಯಾಹ್ನ ಮಕ್ಕಳನ್ನು ಆಟಕ್ಕೆ ಬಿಟ್ಟು, ಸಂಜೆ ಬೃಂದಾವನ ನೋಡಬಹುದು. ಅಜ್ಜಿ, ಮೊಮ್ಮಗು ಇಬ್ಬರಿಗೂ ಆ ದಿನ ಸಲ್ಲುತ್ತದೆ.

ಊಟ, ನೀರು, ಹೊತ್ತು

ನಮ್ಮ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಹೊರಗಿನ ಆಹಾರವನ್ನು ಒಳಗೆ ಬಿಡದಿರುವುದು ದೊಡ್ಡ ಉದ್ಯಾನಗಳ ಸಾಮಾನ್ಯ ನಿಯಮ. ಗಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಮುಂಚಿತವಾಗಿ ಫೋನು ಮಾಡಿ ಅಂಥ ಊಟ ಸಿಗುವುದೇ ಎಂದು ಕೇಳಿ. ಹಿರಿಯರಿಗೆ ವ್ರತನಿಯಮ ಇದ್ದರೆ ಅದನ್ನೂ ತಿಳಿಸಿ. ಕೇಳುವ ಗಿರಾಕಿ ಹೆಚ್ಚಿದಷ್ಟೂ ಅಡುಗೆಮನೆಯವರು ಕಲಿಯುತ್ತಾರೆ. ಒಬ್ಬಿಬ್ಬರು ಕೇಳಿದಾಗ ಇಲ್ಲವೆಂದದ್ದನ್ನು ನೂರು ಜನ ಕೇಳಿದಾಗ ಫಲಕ ಹಾಕಿ ಮಾರುತ್ತಾರೆ.

ಸೂರ್ಯಾಸ್ತದೊಳಗೆ ಊಟ ಮುಗಿಸುವವರು ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಕೊನೆಯ ಆಟದವರೆಗೆ ನಿಂತರೆ ಹೊರಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಂದು ಗಂಟೆ ಮೊದಲೇ ಹೊರಟು, ಗಾಡಿಯಲ್ಲಿಟ್ಟ ಬುತ್ತಿಯನ್ನು ದಾರಿಯ ನೆರಳಿನಲ್ಲಿ ಬಿಚ್ಚಿ. ಚಪಾತಿ, ಖಾಖರಾ, ಅವಲಕ್ಕಿ ಚೂಡಾ, ಬಾಳೆಹಣ್ಣು ಕೆಡುವುದಿಲ್ಲ. ಕುದಿಸಿ ಆರಿಸಿದ ನೀರು ಜೊತೆಯಲ್ಲಿರಲಿ.

ನೀರಿನ ಆಟ ನಮಗೆ ಸಲ್ಲುವುದೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಗೆಯಾಡಿ ತಳ್ಳಬಾರದು. ಕೊಳದ ನೀರನ್ನು ಶೋಧಿಸಿ ಮತ್ತೆ ಮತ್ತೆ ಬಳಸುತ್ತಾರೆಂಬುದು ನಿಜ. 2024ರ ಮಾರ್ಚಿಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿಯವರು ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿದ್ದೂ ನಿಜ. ಹೋಗುವುದು ಬಿಡುವುದು ಆಯಾ ಮನೆಯ ತೀರ್ಮಾನ. ಬರದ ಬೇಸಿಗೆಯಲ್ಲಿ ನೀರಾಟ ಬಿಟ್ಟು ಬನ್ನೇರುಘಟ್ಟಕ್ಕೆ ಹೋಗೋಣವೆಂದು ಮಕ್ಕಳಿಗೆ ಕಾರಣ ಸಹಿತ ಹೇಳಿದರೆ ಅವರು ಒಪ್ಪುತ್ತಾರೆ. ಮಕ್ಕಳನ್ನು ನಾವು ಎಣಿಸಿದ್ದಕ್ಕಿಂತ ಜಾಣರೆಂದು ತಿಳಿಯಬೇಕು.

ಬಾಳಿಕೆಯ ಗುಟ್ಟು

ಇಷ್ಟು ಹೋಲಿಸಿದ ಮೇಲೆ ಬಾಳಿದ ಉದ್ಯಾನಗಳಲ್ಲಿ ನಾಲ್ಕು ಗುಣ ಕಾಣುತ್ತವೆ. ಎಲ್ಲ ವಯಸ್ಸಿನವರಿಗೂ ಅಲ್ಲಿ ಏನಾದರೊಂದು ಇದೆ. ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಸೇರಿಸುತ್ತಾರೆ. ಜೀವದ ವಿಷಯದಲ್ಲಿ ರಾಜಿ ಇಲ್ಲ. ಸಾಲ ಆದಾಯವನ್ನು ಮೀರಿಲ್ಲ. ಇವು ಒಳ್ಳೆಯ ಮಳಿಗೆಯ ಗುಣಗಳೂ ಹೌದು. ಮೊದಲ ಸಲ ಬರುವ ಗಿರಾಕಿ ಜಾಹೀರಾತಿಗೆ ಬರುತ್ತಾನೆ, ಎರಡನೆಯ ಸಲ ಬರುವವನು ಅನುಭವಕ್ಕೆ ಬರುತ್ತಾನೆ.

ಆದರೆ ಮನೆಯ ಕಡೆಯಿಂದ ಇನ್ನೊಂದು ಮಾತು ಹೇಳಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ತಂದೆಯನ್ನು ಕಾಣುವುದು ಗಲ್ಲೆಯ ಆಚೆ ಬದಿಯಿಂದ. ಬೆಳಗ್ಗೆ ಅವರು ಏಳುವಷ್ಟರಲ್ಲಿ ಯಜಮಾನರು ಅಂಗಡಿಗೆ ಹೊರಟಿರುತ್ತಾರೆ. ರಾತ್ರಿ ಲೆಕ್ಕ ಮುಗಿಸಿ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಹತ್ತನೆಯ ತರಗತಿ ದಾಟಿದರೆ ಓದಿಗೆ ಬೆಂಗಳೂರು, ಆಮೇಲೆ ಕೆಲಸಕ್ಕೆ ಇನ್ನೂ ದೂರ. ಕೂಸು ಕೈ ಹಿಡಿದು ಜೊತೆಗೆ ಬರುವ ಬೇಸಿಗೆ ರಜೆಗಳು ಹೆಚ್ಚೆಂದರೆ ಹನ್ನೆರಡು. ಅದರಲ್ಲಿ ವರ್ಷಕ್ಕೊಂದು ದಿನವಾದರೂ ಅಂಗಡಿಗೆ ಬೀಗ ಹಾಕಿ, ಮೊಬೈಲನ್ನು ಗುಮಾಸ್ತರಿಗೆ ಒಪ್ಪಿಸಿ ಹೋದರೆ ನಷ್ಟವಿಲ್ಲ. ಉದ್ಯಾನದಲ್ಲಿ ನಿಂತು ಸರಕಿನ ದರ ಮಾತನಾಡುವುದಾದರೆ ಹೋಗದಿರುವುದೇ ಮೇಲು.

ಈ ಸಲ ಒಂದು ಪ್ರಯೋಗ ಮಾಡಿ ನೋಡಿ. ಹತ್ತು ಹನ್ನೊಂದು ವರ್ಷದ ಮಗುವಿನ ಕೈಗೆ ಒಂದು ಪುಟ್ಟ ನೋಟುಪುಸ್ತಕ ಕೊಟ್ಟು ಆ ದಿನದ ಒಟ್ಟು ಮೊತ್ತ ಇಷ್ಟೆಂದು ಹೇಳಿ. ಪೆಟ್ರೋಲು, ಟೋಲು, ಟಿಕೆಟ್, ಊಟ, ಎಲ್ಲವನ್ನೂ ಅವನೇ ಅಥವಾ ಅವಳೇ ಬರೆಯಲಿ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡವೆನ್ನಬೇಕು ಎಂಬ ತೀರ್ಮಾನವೂ ಒಂದಷ್ಟು ಅವರದೇ ಇರಲಿ. ಉಳಿದ ಹಣವನ್ನು ಯಾವುದಾದರೂ ಗೋಶಾಲೆಗೋ ಬಡ ಮಗುವಿನ ಪುಸ್ತಕಕ್ಕೋ ಕೊಡುವ ಹಕ್ಕೂ ಅವರಿಗೇ ಕೊಡಿ. ಅಜ್ಜಿಗೆ ಬೆಂಚು ಹುಡುಕುವ ಜವಾಬ್ದಾರಿಯನ್ನು ದೊಡ್ಡ ಹುಡುಗನಿಗೆ ವಹಿಸಿ. ಆಟದ ಯಂತ್ರ ಕಲಿಸದ್ದನ್ನು ಈ ಕೆಲಸಗಳು ಕಲಿಸುತ್ತವೆ.

ಯಾವ ಉದ್ಯಾನ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಮಕ್ಕಳು ಏಳರೊಳಗಿನವರಾದರೆ ಬನ್ನೇರುಘಟ್ಟ, ಮಾವು ಪ್ರದರ್ಶನ. ಹತ್ತು ದಾಟಿದವರಿಗೆ ಬಿಡದಿ. ಹಿರಿಯರೂ ಜೊತೆಗಿದ್ದು ಎರಡು ದಿನ ಬಿಡುವಿದ್ದರೆ ಮೈಸೂರು. ಚೆನ್ನೈನಲ್ಲಿ ಬಂಧುಗಳಿದ್ದರೆ ಸಮುದ್ರ ತೀರ. ಒಂದು ವರ್ಷ ಮಕ್ಕಳ ಆಯ್ಕೆ, ಮುಂದಿನ ವರ್ಷ ಅಜ್ಜಿಯ ಆಯ್ಕೆ ಎಂದು ಸರದಿ ಇಟ್ಟುಕೊಂಡರೆ ವಾದವೂ ನಿಲ್ಲುತ್ತದೆ.

ನಿಮ್ಮ ಮನೆಯವರು ಎಲ್ಲಿಗೆ ಹೋದಿರಿ, ಊಟ ಹೇಗೆ ಸಿಕ್ಕಿತು, ಹಿರಿಯರಿಗೆ ಅನುಕೂಲ ಹೇಗಿತ್ತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಇತರ ಕುಟುಂಬಗಳಿಗೆ ಉಪಯೋಗವಾಗುತ್ತದೆ. ಮಕ್ಕಳ ಪತ್ರವಾದರೆ ಇನ್ನೂ ಸಂತೋಷ. ನಿಮ್ಮ ರಜೆ ಸುಖಕರವಾಗಿರಲಿ, ಎಲ್ಲರೂ ಕ್ಷೇಮವಾಗಿ ಹೋಗಿ ಬನ್ನಿ.